ಎಡಗೈಯ ಗಾಳ

ನಮ್ಮ ಕಡೆ ಆ ಮೀನಿಗೆ ಕುರುಡಿ ಎನ್ನುತ್ತಾರೆ. ಗೋವಾದವರಿಗೆ ಅದು ಚೊಣಾಕ್, ಮಲಯಾಳಿಗಳಿಗೆ ಕಾಳಾಂಜಿ, ಬಂಗಾಳಿಗಳಿಗೆ ಭೇಟ್ಕಿ, ಆಸ್ಟ್ರೇಲಿಯಾದವರಿಗೆ ಬರ್ರಾಮುಂಡಿ. ಹೋಟೆಲಿನ ಮೆನುವಿನಲ್ಲಿ ಸೀಬಾಸ್. ಹೆಸರು ಕುರುಡಿಯಾದರೂ ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಆ ಕಣ್ಣು ಕಂಡು ಹೆದರಿ ನಾನು ಅಪ್ಪಯ್ಯನ ಲುಂಗಿ ಹಿಡಿದುಕೊಂಡಿದ್ದೆನಂತೆ. ಅಪ್ಪಯ್ಯ ಈ ಕತೆಯನ್ನು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ಈಗ ಅವರಿಗೆ ಒಂದು ಕತೆ ಹೇಳಿ ಮುಗಿಸುವಷ್ಟು ಮಾತು ಬಾಯಿಗೆ ಬರುವುದಿಲ್ಲ.

ನಮ್ಮ ಮನೆ ಅರಾಟೆ ಸೇತುವೆಯಿಂದ ಸ್ವಲ್ಪ ಮೇಲೆ, ಸೌಪರ್ಣಿಕಾ ಹೊಳೆಯ ಬದಿಯಲ್ಲಿ. ಈ ಹೊಳೆಯ ಸ್ವಭಾವ ವಿಚಿತ್ರ. ಕೊಡಚಾದ್ರಿಯ ಬುಡದಿಂದ ಕೊಲ್ಲೂರು ಹಾದು ಮರವಂತೆಗೆ ಬಂದಾಗ ಕಡಲು ಅದಕ್ಕೆ ಒಂದು ರಸ್ತೆಯಷ್ಟೇ ದೂರ. ಅಲ್ಲಿ ಸೇರಿಬಿಡುವುದಲ್ಲವೇ? ಇಲ್ಲ, ಮುಖ ತಿರುಗಿಸಿ, ಸುತ್ತಿ ಬಳಸಿ, ವಾರಾಹಿ, ಚಕ್ರ, ಕುಬ್ಜಾ, ಖೇಟಾ ಎಲ್ಲರೊಂದಿಗೆ ಸೇರಿ ಗಂಗೊಳ್ಳಿಯ ಅಳಿವೆಯಲ್ಲೇ ಕಡಲಿಗೆ ಬೀಳುತ್ತದೆ. ಅದರಿಂದ ನಮ್ಮ ಮನೆಯ ಮುಂದಿನ ನೀರು ದಿನಕ್ಕೆ ಎರಡು ಸಲ ಮೇಲಕ್ಕೆ ಹರಿಯುತ್ತದೆ, ಎರಡು ಸಲ ಕೆಳಕ್ಕೆ. ಮಳೆಗಾಲದಲ್ಲಿ ಸಿಹಿ, ದೀಪಾವಳಿ ಕಳೆದ ಮೇಲೆ ಸಪ್ಪೆ ಉಪ್ಪು, ಶಿವರಾತ್ರಿ ಹೊತ್ತಿಗೆ ಬಾಯಿಗಿಡಲಾಗದ ಉಪ್ಪು. ಕುರುಡಿಗೆ ಇಂಥ ನೀರೇ ಬೇಕು. ಅದು ಹುಟ್ಟುವುದು ಅಳಿವೆಯ ಉಪ್ಪುನೀರಿನಲ್ಲಿ, ಮರಿಯಾಗಿ ಹೊಳೆ ಹತ್ತುತ್ತದೆ, ಮದಗ, ಗದ್ದೆ ಬದಿಯ ಕಟ್ಟು ಎಲ್ಲಿ ಸಂದು ಸಿಕ್ಕಿದರೂ ನುಗ್ಗುತ್ತದೆ, ಬೆಳೆದ ಮೇಲೆ ಮೊಟ್ಟೆ ಇಡಲು ಮತ್ತೆ ಅಳಿವೆಗೆ ಇಳಿಯುತ್ತದೆ.

ಅಪ್ಪಯ್ಯ ಮೀನುಗಾರರಲ್ಲ. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ಸಂಜೆ ಐದೂವರೆಗೆ ಮನೆಗೆ ಬಂದು, ಚಾ ಕುಡಿದು, ಹೊಳೆಬದಿಯ ಕಲ್ಲಿನ ಮೆಟ್ಟಿಲಿಗೆ ಇಳಿಯುತ್ತಿದ್ದವರು. ಅವರ ಸರಂಜಾಮು ಇಷ್ಟೇ. ಒಂದು ಪ್ಲಾಸ್ಟಿಕ್ ಬಾಟ್ಲಿಗೆ ಸುತ್ತಿದ ಅರವತ್ತು ನಂಬರಿನ ತಂಗೂಸು, ಒಂದು ಸೀಸದ ಗುಂಡು, ಒಂದು ಕೊಕ್ಕೆ, ಮಡಕೆಯಲ್ಲಿ ಜೀವ ಇರುವ ನಾಲ್ಕು ಚಟ್ಲಿ. ಕೋಲು ಅವರಿಗೆ ಆಗುತ್ತಿರಲಿಲ್ಲ. ಕೋಲು ಮಕ್ಕಳಿಗೆ, ಮದಗದಲ್ಲಿ ಸಣ್ಣ ಮೀನು ಹಿಡಿಯುವುದಕ್ಕೆ ಎನ್ನುತ್ತಿದ್ದರು. ಅವರ ಕೋಲು, ಬೆಂಡು, ಗಂಟೆ ಎಲ್ಲ ಬಲಗೈಯ ತೋರುಬೆರಳು. ತಂಗೂಸು ಆ ಬೆರಳಿನ ಮೇಲೆ ಹಾದು ನೀರಿಗೆ ಇಳಿಯುತ್ತಿತ್ತು. ಏಡಿಯಾದರೆ ಎಳೆಯುತ್ತದೆ ಬಿಡುತ್ತದೆ, ಮುದುಕಿ ಎಲೆ ಅಡಿಕೆ ಕುಟ್ಟಿದ ಹಾಗೆ. ಕೆಂಬೇರಿಯಾದರೆ ಕಚ್ಚಿದ್ದೇ ಕಾಂಡ್ಲಾದ ಬೇರಿಗೆ ಓಟ. ಕುರುಡಿ ಕಚ್ಚುವುದೇ ಇಲ್ಲ, ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಬೆರಳಿಗೆ ಬರುವುದು ಒಂದೇ ‘ಡಬ್’. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆ ಏನೂ ಇಲ್ಲದ ಗಳಿಗೆಯನ್ನು ಓದುವುದೇ ವಿದ್ಯೆ ಎಂದು ಅವರ ಅಭಿಪ್ರಾಯ.

2022ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಕಾಲು ಎರಡು ತಿಂಗಳಲ್ಲಿ ಅರ್ಧ ಬಂತು, ಮಾತು ತುಂಡು ತುಂಡಾಗಿ ಬಂತು, ಕೈ ಬರಲಿಲ್ಲ. ಮೊಣಕೈ ಮಡಚುತ್ತದೆ, ಬೆರಳು ಏನಾದರೂ ಇಟ್ಟರೆ ಸುಮಾರಾಗಿ ಹಿಡಿದುಕೊಳ್ಳುತ್ತದೆ, ಬಿಡುವುದು ಗೊತ್ತಾಗುವುದಿಲ್ಲ.

ನಮಗೆ ದೊಡ್ಡ ಕಷ್ಟವಾದದ್ದು ಊಟ. ಎಡಗೈಯಲ್ಲಿ ಅನ್ನ ಮುಟ್ಟಲು ಅಪ್ಪಯ್ಯ ಒಪ್ಪಲಿಲ್ಲ. ಅಮ್ಮ ತುತ್ತು ಮಾಡಿ ಬಾಯಿಗಿಡಲು ಹೋದರೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಎಡಗೈಗೆ ಒಂದು ಚಮಚ ಕೊಟ್ಟೆವು. ಚಮಚವಾದರೆ ಅದು ಕೈಯಲ್ಲವಲ್ಲ, ಅದಕ್ಕೆ ಒಪ್ಪಿದರು. ಆದರೆ ಚಮಚದಲ್ಲಿ ಮೀನು ತಿನ್ನಲು ಬರುವುದಿಲ್ಲ. ಅಮ್ಮ ಮುಳ್ಳು ಬಿಡಿಸಿಟ್ಟರೆ ಅದು ಮಗುವಿನ ಊಟದ ಹಾಗೆ ಕಾಣುತ್ತಿತ್ತೋ ಏನೋ, ಅಪ್ಪಯ್ಯ ಮೀನನ್ನೇ ಬಿಟ್ಟರು. ಹೊಳೆಬದಿಯಲ್ಲಿ ಹುಟ್ಟಿದ ಮನುಷ್ಯ ಗಂಜಿ, ಉಪ್ಪಿನಕಾಯಿ, ಬೇಳೆ ಸಾರು ತಿಂದುಕೊಂಡು ಜಗಲಿಯಲ್ಲಿ ಹೊಳೆಗೆ ಬೆನ್ನು ಹಾಕಿ ಕೂತಿರುತ್ತಿದ್ದರು. ತಂಗೂಸಿನ ಬಾಟ್ಲಿ ಮಾಡಿನ ಪಕ್ಕಾಸಿಗೆ ನೇತುಬಿದ್ದೇ ಇತ್ತು. ಅದನ್ನು ತೆಗೆಯಲು ಅಮ್ಮನಿಗೂ ಧೈರ್ಯ ಬರಲಿಲ್ಲ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಶನಿವಾರ ಹುಲಿಕಲ್ ಘಾಟಿ ಇಳಿದು ಊರಿಗೆ ಬಂದು ಭಾನುವಾರ ಸಂಜೆ ಹತ್ತುತ್ತಿದ್ದೆ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಗಾಳದ ವಿಡಿಯೋ ನೋಡುವುದು ಆಗ ಶುರುವಾಯಿತು. ಅವು ಹೆಚ್ಚಾಗಿ ಅಮೆರಿಕದವು. ಟೊಪ್ಪಿ ಹಾಕಿದ ಒಬ್ಬ, ಹೊಳೆಯುವ ಒಂದು ದೋಣಿ, ತಾವರೆ ಎಲೆ ತುಂಬಿದ ಒಂದು ಕೆರೆ. ಬಾಸ್ ಹಿಡಿಯಲು ಯಾವ ರಾಡ್, ಯಾವ ರೀಲ್, ಯಾವ ದಾರ, ಯಾವ ಲ್ಯೂರ್ ಎಂದು ಗಂಟೆಗಟ್ಟಲೆ ಮಾತು. ಅಮೆರಿಕದ ಕೆರೆಯ ಬಾಸಿಗೂ ನಮ್ಮ ಸೀಬಾಸಿಗೂ ಹೆಸರಿನ ಬಾಲ ಬಿಟ್ಟರೆ ನೆಂಟಸ್ತಿಕೆ ಇಲ್ಲ, ಕುಟುಂಬವೇ ಬೇರೆ. ಆದರೆ ಬುದ್ಧಿ ಒಂದೇ. ಎರಡೂ ದೊಡ್ಡ ಬಾಯಿಯ ಮೀನು, ಎರಡೂ ಬೆನ್ನಟ್ಟಿ ಹಿಡಿಯುವವಲ್ಲ, ಮರದ ಬೇರು, ಬಂಡೆ, ಸೇತುವೆಯ ಕಂಬ ಇಂಥದರ ಮರೆಯಲ್ಲಿ ಹೊಂಚಿ ನಿಂತು ಹಾದುಹೋಗುವುದನ್ನು ಬಾಯಿಗೆ ಹಾಕಿಕೊಳ್ಳುವವು. ಬುದ್ಧಿ ಒಂದೇ ಆದರೆ ಸರಂಜಾಮೂ ಒಂದೇ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಒಂದು ಕೈ ಸಾಕು, ಯಂತ್ರ ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂದೂ ಅಂದುಕೊಂಡೆ. ಒಂದು ತಿಂಗಳ ಸಂಬಳದಲ್ಲಿ ಗಣನೀಯ ಪಾಲು ಕೊಟ್ಟು ಆನ್‌ಲೈನಿನಲ್ಲಿ ‘ಬಾಸ್ ಕಾಂಬೋ’ ತರಿಸಿದೆ. ಆರೂವರೆ ಅಡಿಯ ರಾಡ್, ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲ್, ಮೂರು ಮೂರು ಕೊಕ್ಕೆಯ ಗೊಂಚಲು ನೇತಾಡುವ ಬಣ್ಣದ ಆರು ಪ್ಲಾಸ್ಟಿಕ್ ಮೀನು.

ಡಬ್ಬಿ ಬಿಚ್ಚಿದಾಗ ಅಪ್ಪಯ್ಯ ರಾಡನ್ನು ಮೇಲಿಂದ ಕೆಳಗೆ ನೋಡಿದರು. “ಇದ್ ಮೀನ್ ಹಿಡೂಕಾ, ರೇಡಿಯೋ ಕೇಂಬುಕಾ?” ಎಂದರು. ಒಂದೊಂದು ಶಬ್ದಕ್ಕೂ ತಡವರಿಸಿ ಹೇಳಿದ ಆ ತಮಾಷೆಯಿಂದ ನನಗೆ ಬಹಳ ಆಸೆ ಹುಟ್ಟಿತು. ಅವತ್ತು ಸಂಜೆಯೇ ಅವರನ್ನು ಸೇತುವೆಯ ಹತ್ತಿರ ಕರೆದುಕೊಂಡು ಹೋದೆ. ಮನೆಯ ಮೆಟ್ಟಿಲಲ್ಲಿ ಕೂತಿದ್ದರೆ ಆಗುತ್ತಿತ್ತು. ಆದರೆ ವಿಡಿಯೋದಲ್ಲಿ ಎಲ್ಲರೂ ಸೇತುವೆಯ ಕಂಬಕ್ಕೆ ಎಸೆಯುತ್ತಿದ್ದರಲ್ಲ.

ಬೇಟ್‌ಕಾಸ್ಟಿಂಗ್ ರೀಲನ್ನು ಬಲ್ಲವರಿಗೆ ಮುಂದೇನಾಯಿತೆಂದು ಹೇಳಬೇಕಿಲ್ಲ. ಎಸೆದಾಗ ಅದರ ಉರುಳೆ ತಾನೇ ತಿರುಗುತ್ತದೆ. ಲ್ಯೂರ್ ನೀರಿಗೆ ಬೀಳುವ ಹೊತ್ತಿಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಅದನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಮುಂದೆ ಹೋಗುವ ದಾರಕ್ಕಿಂತ ಉರುಳೆ ಬಿಡುವ ದಾರ ಹೆಚ್ಚಾಗಿ, ಒಳಗೆ ಗೀಜಗನ ಗೂಡು ಕಟ್ಟುತ್ತದೆ. ಅಂದರೆ ಆ ರೀಲು ಪೂರ್ತಿ ನಿಂತಿರುವುದೇ ಚುರುಕಾದ ಒಂದು ಹೆಬ್ಬೆರಳಿನ ಮೇಲೆ. ಹೆಬ್ಬೆರಳೇ ಹೋದವರಿಗೆ ನಾನು ಅದನ್ನು ತಂದುಕೊಟ್ಟಿದ್ದೆ. ಮೊದಲ ಎಸೆತಕ್ಕೇ ಗೂಡು ಕಟ್ಟಿತು. ನಾನು ಬಿಡಿಸಿದೆ. ಎರಡನೆಯದಕ್ಕೂ ಕಟ್ಟಿತು. ಅಪ್ಪಯ್ಯ ಎಡಗೈಯಲ್ಲಿ ಮೂರನೆಯ ಸಲ ಬೀಸಿದಾಗ ಮುಕ್ಕೊಕ್ಕೆಯ ಗೊಂಚಲು ಅವರ ಅಂಗಿಯ ಬೆನ್ನಿಗೇ ಸಿಕ್ಕಿಕೊಂಡಿತು. ಸೇತುವೆಯ ಮೇಲೆ ಬೈಕ್ ನಿಲ್ಲಿಸಿಕೊಂಡಿದ್ದ ಹುಡುಗರು ನಕ್ಕರು. ಕೆಟ್ಟ ನಗುವಲ್ಲ, ಯಾರಾದರೂ ನಗುವ ನಗು. “ಅಜ್ಜ ತನ್ನನ್ನೇ ಹಿಡ್ಕಂಡ್ರ್” ಎಂದ ಒಬ್ಬ. ಕೊಕ್ಕೆ ಬಿಡಿಸುವಾಗ ನನ್ನ ಕೈ ನಡುಗುತ್ತಿತ್ತು. ಅಪ್ಪಯ್ಯ ಕಲ್ಲಿನ ಹಾಗೆ ನಿಂತಿದ್ದರು. ಮನೆಗೆ ಬರುವ ದಾರಿಯಲ್ಲಿ ಹೇಳಿದ್ದು ಒಂದೇ ಮಾತು, “ಸಾಕ್, ಹೆಣೆ.”

ಆಮೇಲೆ ಮೂರು ವಾರ ಅವರು ಜಗಲಿಗೂ ಬರಲಿಲ್ಲ. ಫಿಸಿಯೋಥೆರಪಿಯವರು ಬಂದರೆ ಮಲಗಿದ್ದಾರೆ ಎಂದು ಅಮ್ಮನಿಂದ ಹೇಳಿಸಿದರು. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಓದಿನ ಮನುಷ್ಯಳು, ಸೋತಾಗ ಪುಸ್ತಕಕ್ಕೆ ಹೋಗುವ ಅಭ್ಯಾಸ. ಮೂಡಿಗೆರೆಯ ತೇಜಸ್ವಿಯವರ ಗಾಳದ ಹುಚ್ಚು ಕನ್ನಡ ಓದುವವರಿಗೆಲ್ಲ ಗೊತ್ತು. ಆದರೆ ಅವರಿಗೂ ಎಂಟು ನೂರು ವರ್ಷ ಮೊದಲೇ ನಮ್ಮ ದೊರೆಯೊಬ್ಬ ಗಾಳದ ಮೇಲೆ ಬರೆದಿದ್ದ ಎಂಬುದು ನನಗೆ ಆಗ ಗೊತ್ತಾದದ್ದು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ, 12ನೇ ಶತಮಾನದವನು. ಅವನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳ ನಡುವೆ ‘ಮತ್ಸ್ಯವಿನೋದ’ವೂ ಇದೆ. ಇಂಗ್ಲಿಷಿನವರು ಗಾಳದ ಮೂಲಪುರುಷ ಎಂದು ಹೇಳಿಕೊಳ್ಳುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ, ಅಷ್ಟರಲ್ಲಿ ಸೋಮೇಶ್ವರ ಸತ್ತು ಐನೂರು ವರ್ಷ ಆಗಿತ್ತು. ನನಗೆ ಆ ಅಧ್ಯಾಯದಲ್ಲಿ ಹಿಡಿಸಿದ್ದು ಅದರ ಕ್ರಮ. ಗಾಳಕ್ಕೆ ಕೈ ಹಾಕುವ ಮೊದಲು ಮೀನುಗಳ ಜಾತಿ, ಅವು ಇರುವ ನೀರು, ಯಾವುದಕ್ಕೆ ಯಾವ ತಿನಿಸು ಎಂಬ ವಿಚಾರ. ನಾನು ತಿರುವುಮುರುವಾಗಿ ಹೊರಟಿದ್ದೆ. ಮೊದಲು ಅಂಗಡಿ, ಆಮೇಲೆ ಮೀನು. ಹಿಡಿಯುವವನ ಕೈ ಅಂತೂ ಲೆಕ್ಕಕ್ಕೇ ಬಂದಿರಲಿಲ್ಲ.

ಪುಸ್ತಕಕ್ಕಿಂತ ಹೆಚ್ಚು ಉಪಕಾರವಾದದ್ದು ಗಂಗೊಳ್ಳಿ ಬಂದರಿನ ಬಳಿಯ ಬಲೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಒಬ್ಬ ಹಿರಿಯ ಖಾರ್ವಿಯವರಿಂದ. ನನ್ನ ಕಾಂಬೋವನ್ನು ಅವರು ಕೈಯಲ್ಲಿ ಹಿಡಿದು, ರೀಲಿನ ಹಿಡಿಕೆ ತಿರುಗಿಸಿ, “ಚಂದ ಇತ್ತ್. ಸಿಹಿನೀರಿಂದ್” ಎಂದು ವಾಪಸು ಕೊಟ್ಟರು. ಉಪ್ಪು ನೀರಿನಲ್ಲಿ ಇಂಥದು ಒಂದು ಬೇಸಿಗೆ ಕಾಣುವುದಿಲ್ಲವಂತೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದಂತೆ. ಅಪ್ಪಯ್ಯನ ಸಂಗತಿ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು, ನಾನು ಯಾರನ್ನೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿದರು. “ಅವ್ರ್ ಯಾವ ಬೆರಳಂಗೆ ಕೇಂತಿದ್ರ್?”

ಎಡಗೈಯಲ್ಲಿ ನಡೆಯುವ ರೀಲು ಯಾವುದೆಂದು ಅಲ್ಲಿಂದ ಹುಡುಕಲು ತೊಡಗಿದೆ. ಸಾಮಾನ್ಯ ಸ್ಪಿನ್ನಿಂಗ್ ರೀಲು, ರಾಡಿನ ಕೆಳಗೆ ನೇತಾಡುವಂಥದು, ಬಹುಪಾಲು ಜನ ಬಳಸುವಂಥದು, ಅದನ್ನು ಲೋಕದಲ್ಲೆಲ್ಲ ಬಲಗೈಯವರು ತಿರುಗಿಸುವುದೇ ಎಡಗೈಯಿಂದ. ಬಲಗೈ ರಾಡ್ ಹಿಡಿಯುತ್ತದೆ ಅಷ್ಟೇ. ಬಲಗೈಗೆ ಹಿಡಿಯುವ ಕೆಲಸ ಮಾತ್ರ ಇರುವ ಯಂತ್ರ ಜಗತ್ತಿನಲ್ಲಿ ಮೊದಲೇ ಇತ್ತು, ಅದೂ ಕಾಂಬೋವಿನ ಅರ್ಧ ಬೆಲೆಗೆ. ಅದರ ತಂತಿಯ ಬಳೆಯನ್ನು ಎತ್ತಿಟ್ಟರೆ ದಾರ ತನ್ನಷ್ಟಕ್ಕೆ ಬಿಟ್ಟುಕೊಳ್ಳುತ್ತದೆ. ಹಿಡಿಕೆ ತಿರುಗಿಸಿದ ಕೂಡಲೇ ಬಳೆ ತಾನೇ ಮುಚ್ಚಿಕೊಂಡು ದಾರ ಸುತ್ತಲು ಶುರುವಾಗುತ್ತದೆ. ಎಲ್ಲ ಒಂದೇ ಕೈಯ ಕೆಲಸ.

ಈ ಸಲ ಅಪ್ಪಯ್ಯನಿಗೆ ತೋರಿಸುವ ಮೊದಲು ನಾನೇ ಕಲಿಯಬೇಕು ಎಂದು ಮನೆಯ ಹಿಂದಿನ ಮದಗಕ್ಕೆ ಹೋದೆ. ಅಲ್ಲಿ ಇರುವುದು ಅವಲು ಮೀನು. ಅವಲಿಗೆ ಗಾಳಿ ಬೇಕು, ಆಗಾಗ ಮೇಲೆ ಬಂದು ಬಾಯಿ ತೆರೆದು ಉಸಿರು ತೆಗೆದುಕೊಂಡು ಹೋಗುತ್ತದೆ. ಅದರಿಂದ ಎಲ್ಲಿದೆ ಎಂದು ಕಾಣುತ್ತದೆ. ಇದಕ್ಕೆ ಮಾತ್ರ ಅಮೆರಿಕದ ಟೊಪ್ಪಿಯವನ ವಿದ್ಯೆ ಹೆಚ್ಚುಕಮ್ಮಿ ಹಾಗೆಯೇ ನಡೆಯಿತು. ಟೊಳ್ಳು ರಬ್ಬರಿನ ಕಪ್ಪೆ, ಕೊಕ್ಕೆ ಅದರ ಬೆನ್ನಿಗೆ ಅಡಗಿರುತ್ತದೆ, ನೈದಿಲೆ ಎಲೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಎಲೆಯಿಂದ ಎಲೆಗೆ ಹಾರಿಸುತ್ತ, ಸಂದು ಬಂದಲ್ಲಿ ಒಂದು ಗಳಿಗೆ ನಿಲ್ಲಿಸಬೇಕು. ಅವಲು ಕೆಳಗಿನಿಂದ ಹೊಡೆಯುತ್ತದೆ. ಆ ಕೂಡಲೇ ಎಳೆದರೆ ಕಪ್ಪೆ ಬರಿದೇ ಹಾರಿ ಬರುತ್ತದೆ. ಒಂದು, ಎರಡು ಎಂದು ಎಣಿಸಿ ಎಳೆಯಬೇಕು. ಎಣಿಸುವುದು ಕಲಿಯಲು ನನಗೆ ಎರಡು ಭಾನುವಾರ ಹಿಡಿಯಿತು. ಮಳೆಗಾಲದಲ್ಲಿ ಇದೇ ಮದಗದಲ್ಲಿ ಅವಲಿನ ಕೆಂಪು ಮರಿಗಳು ಕುಂಕುಮ ಚೆಲ್ಲಿದ ಹಾಗೆ ಒಂದು ಗುಂಪಾಗಿ ಮೇಲೆ ಕೆಳಗೆ ಆಡುತ್ತಿರುತ್ತವೆ, ಕೆಳಗೆ ತಾಯಿ ತಂದೆ ಕಾವಲು. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಸಿಟ್ಟಿಗೆ ಹೊಡೆದೇ ಹೊಡೆಯುತ್ತವೆ, ಹಿಡಿಯಲು ಅದಕ್ಕಿಂತ ಸುಲಭದ ಉಪಾಯ ಇಲ್ಲ. ಅದೊಂದು ಮಾಡಬಾರದು ಎಂದು ಅಪ್ಪಯ್ಯ ನನಗೆ ಏಳನೇ ಕ್ಲಾಸಿನಲ್ಲೇ ಹೇಳಿದ್ದರು. ವಿಡಿಯೋಗಳಲ್ಲಿ ಈಗ ಅದನ್ನೇ ತೋರಿಸುತ್ತಾರೆ, ಮರಿ ಗುಂಪಿಗೆ ಎಸೆದು ತಾಯಿಯನ್ನು ಎತ್ತಿ ಹಿಡಿದು ನಗುತ್ತಾರೆ.

ಎರಡನೇ ಭಾನುವಾರ ತಿರುಗಿ ನೋಡಿದರೆ ತೆಂಗಿನ ಮರ ಹಿಡಿದುಕೊಂಡು ಅಪ್ಪಯ್ಯ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನಾನು ಏನೂ ಹೇಳಲಿಲ್ಲ. ರೀಲನ್ನು ಅವರ ಎಡಗೈಗೆ ಕೊಟ್ಟೆ. ಬಳೆ ಎತ್ತಿದರು, ಹಿಡಿಕೆ ತಿರುಗಿಸಿದರು, ಬಳೆ ‘ಟಕ್’ ಎಂದು ಮುಚ್ಚಿಕೊಂಡಿತು. ಮತ್ತೆ ಎತ್ತಿದರು. ಹೀಗೆ ಹತ್ತು ಸಲ. “ಎಷ್ಟ್ ಕೊಟ್ಟೆ?” ಎಂದು ಕೇಳಿದರು. ನಾನು ಎಂದಿನಂತೆ ಅರ್ಧ ಬೆಲೆ ಹೇಳಿದೆ.

ರಾಡನ್ನು ಬಲಗೈ ಹಿಡಿದೀತು, ಆದರೆ ಮೀನು ಎಳೆದರೆ ನಿಲ್ಲದು. ಅದಕ್ಕೆ ಮೆಟ್ಟಿಲಿನ ಬದಿಯ ಕಲ್ಲಿಗೆ ಎರಡಿಂಚಿನ ಪಿವಿಸಿ ಪೈಪಿನ ತುಂಡೊಂದನ್ನು ಸಿಮೆಂಟಿನಲ್ಲಿ ಓರೆಯಾಗಿ ಕೂರಿಸಿದೆವು, ರಾಡಿನ ಬುಡ ಅದರೊಳಗೆ. ಬಲಗೈ ಮೇಲೆ ಸುಮ್ಮನೆ ಒರಗಿಕೊಂಡರೆ ಸಾಕು. ಹೀಗೆ ಮಾಡಿದರೆ ಬೆರಳಿಗೆ ಸುದ್ದಿ ಬರುವುದಿಲ್ಲ ಎಂದು ಅಪ್ಪಯ್ಯ ತಕರಾರು ತೆಗೆದರು. ಪೈಪಿನಲ್ಲಿ ನಿಂತ ರಾಡ್ ಕಲ್ಲಿಗೆ ಹೇಳುತ್ತದೆ, ಮನುಷ್ಯನಿಗಲ್ಲ. ಉಪಾಯವೂ ಅವರದೇ. ಬಳೆ ಎತ್ತಿಟ್ಟು, ರೀಲಿನಿಂದ ಮೊದಲ ಬಳೆಗಣ್ಣಿಗೆ ಹೋಗುವ ದಾರವನ್ನು ಎಡಗೈಯ ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂರುವುದು. ‘ಡಬ್’ ಎಂದಾಗ ಬೆರಳು ಬಿಡುವುದು. ಮೀನು ಓಡಲಿ. ಆಮೇಲೆ ಅದೇ ಕೈ ಹಿಡಿಕೆಗೆ. ನಾನು ಹಾಕಿದ್ದ ದಾರ ಇಪ್ಪತ್ತು ಪೌಂಡಿನ ಬ್ರೇಡ್, ನೂಲು ಹೆಣೆದ ಹಾಗೆ ಹೆಣೆದದ್ದು. ತಂಗೂಸು ಎಳೆದರೆ ಹಿಗ್ಗುತ್ತದೆ, ಬ್ರೇಡ್ ಹಿಗ್ಗುವುದಿಲ್ಲ, ಆದ್ದರಿಂದ ನೀರೊಳಗಿನ ಸಣ್ಣ ಮಾತೂ ಬೆರಳಿಗೆ ಮುಟ್ಟುತ್ತದೆ. ಮೊದಲ ದಿನ ಅಪ್ಪಯ್ಯ ಅದರ ಮೇಲೆ ಬೆರಳಿಟ್ಟು, “ತಂಗೂಸಿಂಗಿಂತ ಜೋರ್ ಮಾತಾಡ್ತ್ ಇದ್” ಎಂದರು. ಆದರೆ ಅದು ಬಿಗಿಯಾದಾಗ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಸೈಕಲ್ ಟ್ಯೂಬಿನ ತುಂಡೊಂದನ್ನು ಅಮ್ಮ ಬೆರಳಿಗೆ ಟೊಪ್ಪಿಯ ಹಾಗೆ ಹೊಲಿದುಕೊಟ್ಟರು.

ಬ್ರೇಡಿನ ತುದಿಗೆ ಒಂದು ಮಾರು ದಪ್ಪ ತಂಗೂಸು, ನಲವತ್ತು ಪೌಂಡಿನದು. ಲೀಡರ್ ಎನ್ನುತ್ತಾರೆ. ಕೆರೆಯ ಬಾಸಿಗೆ ಇಷ್ಟು ದಪ್ಪ ಬೇಕಾಗುವುದಿಲ್ಲ. ಇಲ್ಲಿ ಕಾಂಡ್ಲಾದ ಬೇರಿಗೆ, ಕಲ್ಲಿಗೆ ಅಂಟಿದ ಚಿಪ್ಪು ಒಂದು ಕಡೆ, ಕುರುಡಿಯ ಕಿವಿರಿನ ಮುಚ್ಚಳ ಇನ್ನೊಂದು ಕಡೆ. ಆ ಮುಚ್ಚಳದ ಅಂಚು ಮೆಟ್ಟುಗತ್ತಿಯ ಬಾಯಿಯ ಹಾಗಿರುತ್ತದೆ. ಮೀನು ನೀರಿಂದ ಮೇಲೆ ಹಾರಿ ತಲೆ ಕೊಡವಿತೆಂದರೆ ತೆಳು ದಾರ ಕತ್ತರಿಸಿ ಹೋಗುತ್ತದೆ, ಎತ್ತಿ ಹಿಡಿಯುವವರ ಅಂಗೈಯೂ ಹಾಗೆಯೇ.

ಕೊಕ್ಕೆಯ ವಿಷಯದಲ್ಲಿ ಮಾತ್ರ ನಮಗಿಬ್ಬರಿಗೆ ಜಗಳವಾಯಿತು. ನಾನು ತಂದದ್ದು ಸರ್ಕಲ್ ಹುಕ್. ಅದರ ಮೊನೆ ಹೊರಗೆ ನೋಡುವುದಿಲ್ಲ, ಒಳಕ್ಕೆ ಬಾಗಿ ತನ್ನ ಕಡ್ಡಿಯನ್ನೇ ನೋಡುತ್ತದೆ. ನೋಡಿದರೆ ಇದು ಏನನ್ನೂ ಹಿಡಿಯದು ಎನಿಸುತ್ತದೆ. ಮೀನು ಅದನ್ನು ನುಂಗಿ ತಿರುಗಿ ಹೊರಟಾಗ, ದಾರ ಬಿಗಿಯಾಗುತ್ತ ಬಂದಂತೆ ಕೊಕ್ಕೆ ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಯಲ್ಲಿ ತಿರುಗಿ ಕೂರುತ್ತದೆ. ಚಳಕ್ಕನೆ ಎಳೆಯುವ ಹಾಗೇ ಇಲ್ಲ, ಎಳೆದರೆ ಬಾಯಿಂದ ಹೊರಗೆ ಬಂದುಬಿಡುತ್ತದೆ. ಒಂದು ಕೈಯವರಿಗೆ ಹೇಳಿ ಮಾಡಿಸಿದ್ದು ಎಂದೆ. ಅಪ್ಪಯ್ಯನಿಗೆ ಆ ಮಾತು ಸೇರಲಿಲ್ಲ. ನಲವತ್ತು ವರ್ಷ ಅವರ ಹೆಮ್ಮೆ ಇದ್ದದ್ದೇ ಆ ಒಂದು ಎಳೆತದಲ್ಲಿ, ‘ಏನೂ ಇಲ್ಲದ ಗಳಿಗೆ’ಯ ಕೊನೆಯಲ್ಲಿ ಮಣಿಕಟ್ಟಿನ ಒಂದೇ ತಿರುವಿನಲ್ಲಿ. ಅದನ್ನು ಬಿಡು ಎಂದರೆ ವಿದ್ಯೆಯನ್ನೇ ಬಿಡು ಎಂದ ಹಾಗೆ. “ಮೀನೇ ತನ್ನ ಹಿಡ್ಕಂಬುದಾರೆ ನಾನ್ ಎಂತಕ್ಕೆ?” ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ವಾರ ಅವರು ಹಳೆಯ ಕೊಕ್ಕೆಯನ್ನೇ ಕಟ್ಟಿಸಿಕೊಂಡರು. ನಾಲ್ಕು ಸಲ ‘ಡಬ್’ ಬಂತು, ಎಡಗೈ ನಾಲ್ಕು ಸಲವೂ ತಡವಾಯಿತು. ಐದನೆಯ ದಿನ, ಆ ಗುಂಡಗಿನದನ್ನು ಕಟ್ಟು ಎಂದು ಸನ್ನೆ ಮಾಡಿದರು.

ಹೊತ್ತು, ಜಾಗ ಇವೆರಡಕ್ಕೆ ನಾನು ಬಾಯಿ ಹಾಕಲಿಲ್ಲ. ಅದು ಅವರ ತಲೆಯಲ್ಲಿ ಪೂರ್ತಿಯಾಗಿಯೇ ಉಳಿದಿತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಚೆ ಈಚೆ ನೀರಿನ ಏರಿಳಿತ ಜೋರು. ಭರತ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡವಾಗುತ್ತ ಹೋಗುತ್ತದೆ. ಭರತದ ನೀರು ಕಾಂಡ್ಲಾದ ಒಳಗೆಲ್ಲ ನುಗ್ಗಿ, ಇಳಿತ ಶುರುವಾದ ಮೇಲೆ ಸಣ್ಣ ಸಣ್ಣ ತೋಡುಗಳಲ್ಲಿ ಹೊಳೆಗೆ ವಾಪಸು ಬರುತ್ತದೆ. ಅದರ ಜೊತೆ ಚಟ್ಲಿ, ಮೀನಿನ ಮರಿ ಎಲ್ಲ ಹರಿದು ಬರುತ್ತವೆ. ತೋಡಿನ ಬಾಯಿಯಲ್ಲಿ, ಹರಿವಿಗೆ ಮುಖ ಮಾಡಿ, ಕುರುಡಿ ಬಡಿಸಿದ ಎಲೆಯ ಮುಂದೆ ಕೂತ ಹಾಗೆ ನಿಂತಿರುತ್ತದೆ. ನಮ್ಮ ಮೆಟ್ಟಿಲಿಗೆ ಅಂಥ ಒಂದು ತೋಡಿನ ಬಾಯಿ ಇಪ್ಪತ್ತು ಮಾರು ಕೆಳಗಿದೆ. ಎಡಗೈಯಲ್ಲಿ ಅಲ್ಲಿಗೆ ಎಸೆಯಲು ಆಗದು. ನಾನು ಎಸೆದುಕೊಡುತ್ತೇನೆ ಎಂದೆ. ಬೇಡ ಎಂದರು. ಬೆಂಡು ಕಟ್ಟಿಸಿ, ಚಟ್ಲಿಯ ತಲೆಯ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದ ಹಾಗೆ ಕೊಕ್ಕೆ ಸಿಕ್ಕಿಸಿ (ತಾಗಿದರೆ ಸಾಯುತ್ತದೆ, ಸತ್ತ ಚಟ್ಲಿಯನ್ನು ಕುರುಡಿ ತಿರುಗಿ ನೋಡುವುದಿಲ್ಲ) ಮೆಟ್ಟಿಲಿನ ಬುಡಕ್ಕೇ ಬಿಟ್ಟರು. ಬಳೆ ಎತ್ತಿಟ್ಟ ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಬಿಟ್ಟುಕೊಳ್ಳುತ್ತ ಹೋಯಿತು. ಇಳಿತದ ನೀರೇ ಬೆಂಡನ್ನು ತೋಡಿನ ಬಾಯಿಗೆ ಕೊಂಡುಹೋಯಿತು. ಎಸೆತವನ್ನು ಹೊಳೆಯ ಕೈಗೆ ಕೊಡಬಹುದು ಎಂದು ಯಾವ ಟೊಪ್ಪಿಯವನೂ ನನಗೆ ಹೇಳಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಸಂಜೆ ದೊಡ್ಡದು ಬಂತು. ನಾನು ಮೇಲಿನ ಮೆಟ್ಟಿಲಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ‘ಡಬ್’ ಕೇಳಿದ್ದಲ್ಲ, ಅಪ್ಪಯ್ಯನ ಭುಜ ಸೆಟೆದದ್ದು ಕಂಡಿತು. ಬೆರಳು ಬಿಟ್ಟರು. ದಾರ ಓಡಿತು. ಹಿಡಿಕೆ ತಿರುಗಿಸಿದರು, ಬಳೆ ಮುಚ್ಚಿತು, ರಾಡ್ ಪೈಪಿನಲ್ಲಿ ನರಳಿ ಬಾಗಿತು. ತೋಡಿನ ಬಾಯಿಯಲ್ಲಿ ನೀರು ಒಡೆದು, ಹೊಗೆಯ ಬಣ್ಣದ ಒಂದು ಬೆನ್ನು ಅರ್ಧ ಮೇಲೆ ಬಂದು ತಲೆ ಕೊಡವಿತು. ನಾನು ಹತ್ತಿರ ಹೋಗಿ, ಹೆದರಿಕೆಗೆ, ರೀಲಿನ ಮುಂದಿನ ಗುಬಟನ್ನು ತಿರುಗಿಸಿ ಡ್ರ್ಯಾಗ್ ಬಿಗಿ ಮಾಡಿದೆ. ದಾರ ತಾಳುವ ಭಾರದಲ್ಲಿ ಮೂರನೆಯ ಒಂದು ಪಾಲಿಗೆ ಅದು ಬಿಟ್ಟುಕೊಳ್ಳಬೇಕು ಎಂದು ಸ್ಪ್ರಿಂಗ್ ಕಾಂಟಾ ಕಟ್ಟಿ ಅಳೆದು ಇಟ್ಟವಳೂ ನಾನೇ. ಎರಡನೆಯ ಸಲ ಅದು ತಲೆ ಕೊಡವಿದಾಗ ರಾಡ್ ಥಟ್ಟನೆ ನೆಟ್ಟಗಾಯಿತು. ಲೀಡರ್ ಕೊಯ್ದಿತ್ತು.

ಆಮೇಲೆ ಅಪ್ಪಯ್ಯ ನನ್ನನ್ನು ಬೈದರು. ಸ್ಟ್ರೋಕ್ ಆದ ಮೇಲೆ ಅವರ ಬಾಯಿಂದ ಒಂದೇ ಸಮ ಅಷ್ಟು ಮಾತು ಬಂದದ್ದು ಅದೇ ಮೊದಲು. ಬಿಗಿ ಮಾಡಿದ್ದು ಯಾರು, ಕೇಳಿ ಮಾಡಿದ್ದಾ, ಕಾಲೇಜಿನಲ್ಲಿ ಹೀಗೇ ಕಲಿಸುವುದಾ, ಮೀನಿಗೆ ಓಡಲು ಬಿಡಬೇಕು ಎಂದು ಸಣ್ಣ ಮಕ್ಕಳಿಗೂ ಗೊತ್ತು. ಅರ್ಧ ಶಬ್ದ ಅರ್ಥವಾಗಲಿಲ್ಲ. ಅಮ್ಮ ಅಡುಗೆ ಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದು, ಮೆಟ್ಟಿಲಿನ ಮೇಲೆ ನಿಂತು ಕೇಳುತ್ತಿದ್ದರು. ಇನ್ನೂ ಸ್ವಲ್ಪ ಬೈಯಲಿ ಎಂಬ ಮುಖ.

ರಾತ್ರಿ ನಾನು ಓದಿದ್ದನ್ನು ಹೇಳಿದೆ. ಕುರುಡಿಗಳು ಮೊದಲು ಗಂಡಾಗಿ ಬೆಳೆಯುತ್ತವೆ, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತವೆ. ಹಾಗಾಗಿ ತೀರಾ ದೊಡ್ಡವು ಹೆಚ್ಚಾಗಿ ತಾಯಂದಿರು, ಒಂದೊಂದರಲ್ಲಿ ಲಕ್ಷಾಂತರ ಮೊಟ್ಟೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ 120ಕ್ಕಿಂತ ದೊಡ್ಡದನ್ನೂ ಹಿಡಿದವರು ವಾಪಸು ಬಿಡಬೇಕೆಂಬ ಕಾನೂನಿದೆ. ಅಪ್ಪಯ್ಯ ಗೋಡೆ ನೋಡುತ್ತ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, “ಇವತ್ತಿಂದ್ ತಾಯಿ ಆಯ್ಕ್” ಎಂದರು. ಕೊಕ್ಕೆ ಬಾಯಿಯ ಮೂಲೆಯಲ್ಲಿ ಮಾತ್ರ ಇರುತ್ತದೆ, ತಿನ್ನಲು ತೊಂದರೆಯಾಗದು, ಕ್ರಮೇಣ ಬಿದ್ದುಹೋದೀತು ಎಂದೆ. ಅವರು ತಲೆಯಾಡಿಸಿದರು. ಆ ಗುಂಡಗಿನ ಕೊಕ್ಕೆಯ ಬಗ್ಗೆ ಮತ್ತೆ ತಕರಾರು ತೆಗೆಯಲಿಲ್ಲ.

ಮಾರಣಕಟ್ಟೆ ಜಾತ್ರೆ ಕಳೆದ ಮೇಲೆ, ಜನವರಿಯ ಕೊನೆಯ ವಾರ, ಇನ್ನೊಂದು ಬಂತು. ಈ ಸಲ ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಅದು ಮೂರು ಸಲ ಓಡಿತು, ಮೂರು ಸಲವೂ ಓಡಲು ಬಿಟ್ಟರು. ಕೊನೆಗೆ ಮೆಟ್ಟಿಲ ಬುಡಕ್ಕೆ ಬಂದಾಗ ನನಗೆ ಕಣ್ಣಿನಲ್ಲಿ ಅಪ್ಪಣೆ ಕೊಟ್ಟರು, ನಾನು ಕೈಬಲೆಯಲ್ಲಿ ಎತ್ತಿದೆ. ಟೇಪ್ ಹಿಡಿದು ಅಳೆದರೆ 55 ಸೆಂಟಿಮೀಟರ್. ಕ್ವೀನ್ಸ್‌ಲ್ಯಾಂಡಿನ ಲೆಕ್ಕಕ್ಕೆ ಮೂರು ಕಡಿಮೆ. ಗಂಡು, ಇನ್ನೂ ಹೆಣ್ಣಾಗಬೇಕಾದದ್ದು, ಬಿಡೋಣವಾ ಎಂದೆ.

“ಹೆಣೆ, ಇದ್ ಕ್ವೀನ್ಸ್‌ಲ್ಯಾಂಡಾ?” ಎಂದರು ಅಪ್ಪಯ್ಯ. ಆಮೇಲೆ, ಉಸಿರು ತೆಗೆದುಕೊಂಡು, “ದೊಡ್ಡದ್ ಬಂದ್ರೆ ಬಿಡ್ವ. ಇದ್ನ ಅಮ್ಮನಿಗೆ ಕೊಡ್.”

ಅಮ್ಮ ಕೊತ್ತಂಬರಿ, ಒಣಮೆಣಸು ಹುರಿದು, ಕಾಯಿ ಹಾಕಿ ರುಬ್ಬಿದರು. ಹುಳಿ ಮುಂದಾಗಿ ಸಾರು ಮಾಡಿದರು. ನಮ್ಮ ಮನೆಯಲ್ಲಿ ಮೀನಿನ ತಲೆ ಯಾವಾಗಲೂ ಅಪ್ಪಯ್ಯನ ಪಾಲು. ಅಭ್ಯಾಸಬಲದಿಂದ ಅಮ್ಮ ಅದನ್ನೇ ಅವರ ತಟ್ಟೆಗೆ ಬಡಿಸಿ, ಬಡಿಸಿದ ಮೇಲೆ ನೆನಪಾಗಿ ಸೌಟು ಹಿಡಿದುಕೊಂಡೇ ನಿಂತರು. ತಲೆಯನ್ನು ಚಮಚದಲ್ಲಿ ತಿನ್ನಲಾಗುವುದಿಲ್ಲ. ಕೆನ್ನೆಯ ಮಾಂಸ, ಕಣ್ಣಿನ ಸುತ್ತ, ಮುಚ್ಚಳದ ಒಳಗಿನದು, ಅದೆಲ್ಲ ಬೆರಳು ಹೋಗಬೇಕಾದ ಜಾಗ. ನಾನು ನನ್ನ ತಟ್ಟೆ ನೋಡಿಕೊಂಡು ಕೂತೆ.

ಅಪ್ಪಯ್ಯ ಚಮಚವನ್ನು ತಟ್ಟೆಯ ಆಚೆ ಇಟ್ಟರು. ಎಡಗೈಯ ತೋರುಬೆರಳಿನಲ್ಲಿ ಸೈಕಲ್ ಟ್ಯೂಬಿನ ಟೊಪ್ಪಿ ಇನ್ನೂ ಇತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದರು, ಲೋಟದ ನೀರಿನಲ್ಲಿ ಕೈ ತೊಳೆದರು, ಆ ಕೈಯನ್ನೇ ತಟ್ಟೆಗೆ ಹಾಕಿದರು.

“ಉಪ್ಪ್ ಕಡ್ಮಿ” ಎಂದರು.